ಗೆರೆ ಎಳೆದ ಕೈ

"ಇನ್ನೊಮ್ಮೆ ಹೇಳಿ," ಎಂದೆ. "ಈ ಸಲ ಕೊನೆಯಿಂದ ಶುರುಮಾಡಿ."

ಅಣ್ಣು ಚಹಾದ ಲೋಟವನ್ನು ಬಾಯಿಯವರೆಗೆ ತಂದವನು ಅಲ್ಲೇ ನಿಲ್ಲಿಸಿದ. "ಕೊನೆಯಿಂದ ಅಂದ್ರೆ ಎಂಥದ್ದು ಮೇಡಂ?"

"ಬೊನವೆಂಚರ್ ಟ್ಯಾಕ್ಸಿ ಹತ್ತಿ ಹೋದರು ಅಂದಿರಲ್ಲ, ಅಲ್ಲಿಂದ. ಅದಕ್ಕೆ ಮೊದಲು ಏನಾಯಿತು? ಅದಕ್ಕೂ ಮೊದಲು? ಹಾಗೆ ಹಿಂದಕ್ಕೆ ಹೋಗಿ."

"ಇದೊಳ್ಳೆ ಕಥೆ ಆಯ್ತಲ್ಲ ಮಾರಾಯ್ರೆ," ಎಂದು ನಕ್ಕ. ನಾನು ನಗಲಿಲ್ಲ.

ದೋಹಾದ ವೆಸ್ಟ್ ಬೇಯ ವಿಮಾ ಕಂಪನಿಯೊಂದರಲ್ಲಿ ಗುದ್ದಿದ ಕಾರುಗಳ ಕ್ಲೇಮು ತನಿಖೆ ಮಾಡುವುದು ನನ್ನ ಕೆಲಸ. ರೈಲು ಬಿಡುವವರನ್ನು ಹಿಡಿಯುವುದೇ ನನ್ನ ಹೊಟ್ಟೆಪಾಡು ಎಂದರೂ ಸರಿ. ಸುಳ್ಳನ್ನು ಮೊದಲಿನಿಂದ ಹೇಳಲು ಎಲ್ಲರಿಗೂ ಬರುತ್ತದೆ, ಬಾಯಿಪಾಠ ಮಾಡಿಯೇ ಬಂದಿರುತ್ತಾರೆ. ಕೊನೆಯಿಂದ ಹೇಳಿಸಿದರೆ ಪಾಠ ತಪ್ಪುತ್ತದೆ. ಆಗ ತಪ್ಪಿದ್ದನ್ನು ಮುಚ್ಚಲು ಇಲ್ಲದ ಬಣ್ಣ ಬಳಿಯುತ್ತಾರೆ. ಸಿಕ್ಕಿಬೀಳುವುದು ಆ ಬಣ್ಣದಲ್ಲೇ.

ಅವತ್ತು ಗುರುವಾರ. ಬೊನವೆಂಚರ್ ಕಾಣೆಯಾದದ್ದು ಹಿಂದಿನ ಶನಿವಾರ. ಸೋಮವಾರ ಬೆಂಗಳೂರಿನ ಹೈಕೋರ್ಟಿನ ಮುಂದೆ ಅವನ ಪ್ರಮಾಣಪತ್ರ ಇರಬೇಕು. ಶುಕ್ರವಾರ, ಶನಿವಾರ ದೋಹಾದಲ್ಲಿ ವಾರದ ರಜೆ, ರಾಯಭಾರ ಕಚೇರಿ ತೆರೆಯುವುದಿಲ್ಲ. ಭಾನುವಾರ ಮಾಡಿಸಿದರೆ ಕಾಗದ ಸೋಮವಾರದೊಳಗೆ ಬೆಂಗಳೂರು ತಲುಪದು. ಅವನು ಇವತ್ತೇ ಸಿಕ್ಕಿ, ಕೌಂಟರ್ ಮುಚ್ಚುವುದರೊಳಗೆ ಅಧಿಕಾರಿಯ ಎದುರು ಪ್ರಮಾಣ ಮಾಡದಿದ್ದರೆ ಕಡೆಬೈಲು ಪುರಸಭೆಯ ಕೇಸು ಮುಗಿದಂತೆ.

ಕೇಸು ಇಷ್ಟೇ. ನಮ್ಮ ಕರಾವಳಿಯ ಊರು ಕಡೆಬೈಲಿನಲ್ಲಿ ಬರುವ ಚುನಾವಣೆಗೆ ಮೊದಲು ವಾರ್ಡುಗಳ ಗಡಿಯನ್ನು ಹೊಸದಾಗಿ ಎಳೆದರು. ಅಧ್ಯಕ್ಷರ ಪಕ್ಷಕ್ಕೆ ವೋಟು ಹಾಕದ ಮನೆಗಳನ್ನೆಲ್ಲ ಎರಡೇ ವಾರ್ಡಿಗೆ ತುರುಕಿದರು. ಅಲ್ಲಿ ಹಿಡಿಸದೆ ಉಳಿದವನ್ನು ಬೇರೆ ವಾರ್ಡುಗಳಿಗೆ ಅಷ್ಟಷ್ಟು ಹಂಚಿ, ಎಲ್ಲಿಯೂ ಗೆಲ್ಲದ ಹಾಗೆ ಮಾಡಿದರು. ಊರಿನ ಅರ್ಧಕ್ಕಿಂತ ಹೆಚ್ಚು ಜನ ಬೇಡವೆಂದರೂ ಪುರಸಭೆ ಅಧ್ಯಕ್ಷರ ಕೈ ಬಿಟ್ಟುಹೋಗದು. ಬೋಟು ಕೇರಿಯಿಂದ ಗೆದ್ದು ಬರುತ್ತಿದ್ದ ಆಯಿಷಮ್ಮನ ಕೇರಿಯನ್ನೇ ಮೂರು ತುಂಡು ಮಾಡಿದ್ದರು. ಆಕೆ ಕೋರ್ಟಿಗೆ ಹೋದಳು. ಅವಳ ವಕೀಲೆ ಶರ್ಮಿಳಾ ಕಾಲೇಜಿನಲ್ಲಿ ನನ್ನ ಪಕ್ಕದ ಬೆಂಚಿನವಳು.

"ವಾರ್ಡಿನ ಗೆರೆಗೆ ಕೋರ್ಟು ಸುಲಭಕ್ಕೆ ಕೈ ಹಾಕುವುದಿಲ್ಲ ಕಣೇ," ಎಂದು ಅವಳು ಫೋನಿನಲ್ಲಿ ಹೇಳಿದ್ದಳು. "ಕೆಟ್ಟ ಉದ್ದೇಶದಿಂದ ಎಳೆದದ್ದು ಅಂತ ತೋರಿಸಿದರೆ ಮಾತ್ರ ಕೇಳ್ತಾರೆ. ಸರ್ವೆಯವರು ಎಳೆದದ್ದು ಅಂತ ಅವರ ವಾದ. ಅಲ್ಲ, ಪಕ್ಷದವರು ಹೊರಗೆ ಮಾಡಿಸಿ ತಂದದ್ದು ಅಂತ ಹೇಳಲು ನನಗಿರುವುದು ಒಬ್ಬನೇ ಮನುಷ್ಯ. ಅವನೂ ನಿನ್ನ ದೋಹಾದಲ್ಲಿ ಮಾಯವಾಗಿದ್ದಾನೆ. ಹುಡುಕಿಕೊಡು."

ಬೊನವೆಂಚರ್ ಇಲ್ಲಿಯ ಕನ್‌ಸ್ಟ್ರಕ್ಷನ್ ಆಫೀಸೊಂದರಲ್ಲಿ ಡ್ರಾಫ್ಟ್ಸ್‌ಮನ್, ಕಂಪ್ಯೂಟರಿನಲ್ಲಿ ನಕ್ಷೆ ಎಳೆಯುವವನು. ಪೇಪರಿನಲ್ಲಿ ಬಂದ ವಾರ್ಡಿನ ನಕ್ಷೆ ನೋಡಿ ತಾನಾಗಿಯೇ ಶರ್ಮಿಳಾಳಿಗೆ ಫೋನು ಮಾಡಿದ್ದ. ಈ ನಕ್ಷೆಯ ಅಂಚಿನ ಚೌಕಟ್ಟು ನಮ್ಮ ಆಫೀಸಿನದು, ಇದು ದೋಹಾದಲ್ಲೇ ತಯಾರಾದದ್ದು, ಬಂದು ಪ್ರಮಾಣ ಮಾಡುತ್ತೇನೆ ಎಂದಿದ್ದ. ಆಮೇಲೆ ಅವನ ಫೋನು ಸ್ವಿಚ್ ಆಫ್. ಅವನೇ ಎಳೆದಿರಬೇಕು, ಈಗ ಹೆದರಿ ಅಡಗಿರಬೇಕು ಎಂಬುದು ಶರ್ಮಿಳಾಳ ಲೆಕ್ಕ.

ನನಗೆ ಮಾತ್ರ ಆ ಲೆಕ್ಕ ಕೂಡಿಬರುತ್ತಿರಲಿಲ್ಲ.

ನಕ್ಷೆಯ ಒಂದು ಪ್ರತಿ ನನ್ನ ಬ್ಯಾಗಿನಲ್ಲಿತ್ತು. ಸರ್ವೆಯವರು ಎಳೆದರೆ ಗೆರೆ ರಸ್ತೆ ಹಿಡಿದು ಹೋಗುತ್ತದೆ, ನೀರಿನ ತೋಡು ಹಿಡಿದು ಹೋಗುತ್ತದೆ. ಈ ಗೆರೆ ಹಾಗಲ್ಲ. ಒಂದು ಮನೆಯ ಹಿತ್ತಿಲು ಬಳಸಿ, ಮುಂದಿನ ಮನೆಯ ಅಂಗಳ ಸೀಳಿ, ಬಾವಿಯ ಆಚೆಗೊಂದು ಸುತ್ತು ಹಾಕಿ ಹೋಗಿತ್ತು. ಯಾವ ಮನೆಯವರು ಯಾರ ಕಡೆ ಎಂದು ಗೊತ್ತಿಲ್ಲದವರಿಂದ ಈ ಕೆಲಸ ಆಗದು. ಬೊನವೆಂಚರ್ ಉಡುಪಿ ಕಡೆಯವನು. ಕಡೆಬೈಲಿನ ಬೋಟು ಕೇರಿ ಅವನಿಗೆ ಹೇಗೆ ಗೊತ್ತು?

ಮದೀನತ್ ಖಲೀಫಾದ ಈ ಫ್ಲ್ಯಾಟಿಗೆ ನನ್ನನ್ನು ಕರೆತಂದವಳು ಅವನ ಹೆಂಡತಿ ವೆನಿಟಾ. ಅಣ್ಣು ಎನ್ನುವವರು ಊರಿನಿಂದ ಬಂದಿದ್ದಾರಂತೆ, ಇವರನ್ನು ಕೊನೆಗೆ ನೋಡಿದ್ದು ಅವರೇ ಅಂತೆ, ನನಗೆ ಪರಿಚಯವಿಲ್ಲ ಆಂಟಿ, ಫೋನಿನಲ್ಲಿ ಗೊತ್ತಾದದ್ದು ಎಂದು ಬರುವ ದಾರಿಯಲ್ಲಿ ಹೇಳಿದ್ದಳು. ಈಗ ನನ್ನ ಪಕ್ಕದ ಸೋಫಾದಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಅತ್ತು ಅತ್ತು ಕಣ್ಣು ಊದಿತ್ತು. ಪೊಲೀಸರಿಗೆ ಹೇಳೋಣವೇ ಎಂದು ಕೇಳಿದಾಗಲೂ ಬೇಡ ಎಂದಿದ್ದಳು. ಕಂಪನಿಗೆ ಗೊತ್ತಾದರೆ ವೀಸಾ ಹೋಗುತ್ತದೆ ಎಂಬ ಭಯ ಇಲ್ಲಿ ಎಲ್ಲರಿಗೂ ಇರುವುದೇ. ನನಗೆ ಪಾಪ ಅನ್ನಿಸಿತ್ತು.

ಅಣ್ಣು ಕಡೆಬೈಲು ಪುರಸಭೆ ಅಧ್ಯಕ್ಷರ ಬಲಗೈ. ಅದನ್ನು ಅವನು ಮುಚ್ಚಿಡಲೂ ಇಲ್ಲ. ವಿಸಿಟ್ ವೀಸಾದಲ್ಲಿ ಬಂದು ಇನ್ನೂ ವಾರವಾಗಿರಲಿಲ್ಲ. ಫ್ಲ್ಯಾಟು ಅವನ ಪರಿಚಯದವರದ್ದು, ಅವರು ಕೆಲಸಕ್ಕೆ ಹೋಗಿದ್ದರು. ತುಳುವಿನಲ್ಲೇ ಮಾತು ಶುರುಮಾಡಿದ್ದ. ಕನ್ನಡದಲ್ಲಿ ಹೇಳಿ, ನಾಳೆ ಕೋರ್ಟಿನ ತನಕ ಹೋಗುವ ಮಾತು ಇದು ಎಂದು ನಾನೇ ತಡೆದಿದ್ದೆ.

ಮೊದಲ ಸಲ ಅವನು ಹೇಳಿದ ಕಥೆ ಸಲೀಸಾಗಿತ್ತು. ಶನಿವಾರ ಸಂಜೆ ಬೊನವೆಂಚರ್ ಅವನನ್ನು ವಕ್ರಾದ ಸಮುದ್ರ ತೀರಕ್ಕೆ ಬರಹೇಳಿದನಂತೆ. ಈ ಕೋರ್ಟಿನ ತಂಟೆ ಬೇಡ, ದೂರದ ದುಖಾನ್ ಕಡೆ ಕೆಲಸದ ಸೈಟಿಗೆ ಹೋಗಿ ಒಂದಷ್ಟು ದಿನ ಇರುತ್ತೇನೆ, ಯಾರೂ ಹುಡುಕುವುದು ಬೇಡ ಎಂದನಂತೆ.

ಈಗ ಕೊನೆಯಿಂದ.

"ಟ್ಯಾಕ್ಸಿ ಹತ್ತಿದ್ರು. ಅದಕ್ಕೆ ಮೊದಲು... ಕೈ ಕೊಟ್ರು. ಅದಕ್ಕೆ ಮೊದಲು ಕತ್ತಲಾಗಿತ್ತು."

"ಅದಕ್ಕೆ ಮೊದಲು?"

"ಮರಳಲ್ಲಿ ಕೂತಿದ್ದೆವು. ಮಾತಾಡ್ತಾ ಇದ್ದೆವು."

"ಯಾವ ಕಡೆ ಮುಖ ಮಾಡಿ?"

"ಇದೆಂಥ ಪ್ರಶ್ನೆ ಮೇಡಂ. ಸಮುದ್ರಕ್ಕೆ ಹೋದವರು ಬೇರೆ ಎಲ್ಲಿಗೆ ಮುಖ ಮಾಡ್ತಾರೆ?"

"ಬೊನವೆಂಚರ್ ಮುಖ ಹೇಗಿತ್ತು? ಹೆದರಿದ್ದರಾ, ಸಿಟ್ಟಲ್ಲಿದ್ದರಾ?"

ಇದು ಅವನ ಪಾಠದಲ್ಲಿ ಇದ್ದಂತಿಲ್ಲ. ಬಣ್ಣ ಶುರುವಾಯಿತು.

"ಮುಖ ಸರಿ ಕಾಣಲಿಲ್ಲ. ಬಿಸಿಲು ಎದುರಿಂದ ಹೊಡೀತಿತ್ತಲ್ಲ. ಬೊನವೆಂಚರ್ ಪರ್ಬುಗಳು ಹಣೆಗೆ ಕೈ ಅಡ್ಡ ಹಿಡಿದುಕೊಂಡೇ ಮಾತಾಡಿದ್ದು. ಸೂರ್ಯ ನೀರಿಗೆ ಇಳಿಯುವವರೆಗೂ ಹಾಗೇ ಕೂತಿದ್ದರು. ಪಾಪ, ಕಣ್ಣಲ್ಲಿ ನೀರು ಉಂಟು."

"ಸೂರ್ಯ ಸಮುದ್ರಕ್ಕೆ ಇಳಿದದ್ದನ್ನು ನೀವು ಕಣ್ಣಾರೆ ನೋಡಿದ್ದೀರಿ?"

"ನೋಡದೆ? ಕೆಂಪು ಕೆಂಪು, ನಮ್ಮ ಊರಿನದ್ದೇ ಹಾಗೆ."

ನಾನು ನೋಟ್ ಮಾಡಿಕೊಳ್ಳಲಿಲ್ಲ, ಹುಬ್ಬು ಏರಿಸಲಿಲ್ಲ. ತಲೆ ತಿರುಗಿಸಿ ವೆನಿಟಾಳನ್ನು ನೋಡಿದೆ. ಅವಳು ನೆಲ ನೋಡುತ್ತಿದ್ದಳು.

"ಅಣ್ಣು, ಸ್ವಲ್ಪ ಕಿಟಕಿಯ ಹತ್ತಿರ ಬನ್ನಿ."

"ಯಾಕೆ?"

"ಬನ್ನಿ ಅಂದೆ."

ಪರದೆ ಸರಿಸಿದೆ. ಬೆಳಗಿನ ಬಿಸಿಲು ರಪ್ಪನೆ ಒಳಗೆ ಬಂತು. ಎದುರಿಗೆ ಹಳದಿ ವಿಲ್ಲಾಗಳ ಮಹಡಿ, ನೀರಿನ ಟ್ಯಾಂಕುಗಳು, ದೂರದಲ್ಲಿ ವೆಸ್ಟ್ ಬೇಯ ಟವರುಗಳು. ಅರ್ಧ ಕಟ್ಟಿದವುಗಳ ತಲೆಯ ಮೇಲೆ ಕ್ರೇನುಗಳು. ಸೂರ್ಯ ಅವುಗಳ ಮೇಲೆಯೇ ಇದ್ದ.

"ಸೂರ್ಯ ಎಲ್ಲಿದ್ದಾನೆ?"

ಅಣ್ಣು ಕೈ ಅಡ್ಡ ಹಿಡಿದು ತೋರಿಸಿದ. "ಅಲ್ಲಿ. ಆ ಬಿಲ್ಡಿಂಗುಗಳ ಮೇಲೆ."

"ಬೆಳಿಗ್ಗೆ ಸೂರ್ಯ ಇರುವ ದಿಕ್ಕು ಯಾವುದು?"

"ಮೂಡು. ನನ್ನನ್ನು ಎಂಥ ಶಾಲೆ ಮಕ್ಕಳ ಹಾಗೆ..."

"ಆ ಬಿಲ್ಡಿಂಗುಗಳ ಆಚೆ ಏನಿದೆ ಗೊತ್ತಾ? ಸಮುದ್ರ. ವಕ್ರಾದಲ್ಲೂ ಅದೇ ಸಮುದ್ರ, ಅದೇ ದಿಕ್ಕು. ಈ ದಂಡೆಯಲ್ಲಿ ಸೂರ್ಯ ಸಮುದ್ರದಿಂದ ಏಳುತ್ತಾನೆ. ಮುಳುಗುವುದು ಮರಳುಗಾಡಿನ ಕಡೆ. ವಕ್ರಾದ ಮರಳಲ್ಲಿ ಸಮುದ್ರಕ್ಕೆ ಮುಖ ಮಾಡಿ ಕೂತರೆ ಸಂಜೆಯ ಬಿಸಿಲು ಬೆನ್ನಿಗೆ ಹೊಡೆಯುತ್ತದೆ, ಹಣೆಗಲ್ಲ."

ಅಣ್ಣು ಸೂರ್ಯನ ಕಡೆಗೊಮ್ಮೆ, ಟವರುಗಳ ಕಡೆಗೊಮ್ಮೆ ನೋಡಿದ.

ಅವನ ಮೇಲೆ ನನಗೆ ಸಿಟ್ಟಿಗಿಂತ ನಗುವೇ ಬಂತು. ಘಟ್ಟದ ಮೇಲಿನವನಾಗಿದ್ದರೆ ಈ ತಪ್ಪು ಮಾಡುತ್ತಿರಲಿಲ್ಲ, ಸೂರ್ಯನ ಮಾತೇ ಎತ್ತುತ್ತಿರಲಿಲ್ಲ. ನಮ್ಮ ಕರಾವಳಿಯವರಿಗೆ ಕಡಲು ಇರುವುದೇ ಪಡುವಣಕ್ಕೆ. ಮನೆಗೆ ಹೆಸರಿಡುವಾಗಲೂ ಕಡಲ ಕಡೆಯದ್ದು ಪಡ್ಡಾಯಿ ಮನೆ. ಸಂಜೆ ಎಂದರೆ ಸೂರ್ಯ ನೀರಿಗೆ ಇಳಿಯಲೇಬೇಕು. ದೋಹಾಕ್ಕೆ ಬಂದ ಹೊಸತರಲ್ಲಿ ನಾನೂ ಒಂದು ಸಂಜೆ ಕಡಲ ದಂಡೆಯ ಕಾರ್ನಿಷ್‌ನಲ್ಲಿ ಬೆಂಚು ಹಿಡಿದು ಸೂರ್ಯಾಸ್ತಕ್ಕೆ ಕಾದು ಕೂತು, ಬೆನ್ನ ಹಿಂದೆ ಕತ್ತಲಾದ ಮೇಲೆ ಎದ್ದು ಬಂದವಳೇ.

"ನೀವು ವಕ್ರಾಕ್ಕೆ ಹೋಗಲೇ ಇಲ್ಲ," ಎಂದೆ. "ಬೊನವೆಂಚರನ್ನು ನೋಡಲೂ ಇಲ್ಲ. ಹೌದೋ ಅಲ್ಲವೋ?"

ಅವನು ನನ್ನ ಹೆಗಲ ಮೇಲಿಂದ ಸೋಫಾದ ಕಡೆ ನೋಡಿ, ಮುಖ ಕೆಂಪಗೆ ಮಾಡಿಕೊಂಡು ಕೂಗಿದ.

"ಎಂಥ ಟೀಚರ್ ನೀವು! ಜಾಗ ಹೇಳಿಕೊಟ್ಟವರು ಇದನ್ನೊಂದು ಹೇಳ್ಬಾರದಿತ್ತಾ?"



ಟೀಚರ್. ಪರಿಚಯವೇ ಇಲ್ಲದ ಹೆಂಗಸನ್ನು ಯಾರೂ ಹಾಗೆ ಕರೆಯುವುದಿಲ್ಲ. ನನಗೆ ಕೋಪ ನೆತ್ತಿಗೇರಿತು, ಹೆಚ್ಚಿನದು ನನ್ನ ಮೇಲೆಯೇ. ವೆನಿಟಾ ವಕ್ರಾದ ಪಕ್ಕದ ಅಲ್ ವುಕೈರ್‌ನಲ್ಲಿ ಮನೆ ಮಾಡಿರುವವಳು, ವಕ್ರಾದ ತೀರಕ್ಕೆ ದಿನಾ ಸಂಜೆ ವಾಕಿಂಗ್ ಹೋಗುವವಳು, ಸೂರ್ಯ ಸಮುದ್ರಕ್ಕೆ ಇಳಿದ ಎಂದು ಅವನು ಹೇಳುವಾಗ ಸುಮ್ಮನೆ ನೆಲ ನೋಡುತ್ತಿದ್ದಳು. ಗಂಡ ಹೋದ ದುಃಖದಲ್ಲಿ ಕಿವಿಗೆ ಬೀಳಲಿಲ್ಲವೇನೋ ಎಂದು ನಾನೇ ಅವಳ ಪರವಾಗಿ ನೆಪ ಹುಡುಕಿದ್ದೆ.

"ವೆನಿಟಾ, ನಿನ್ನ ಊರು ಯಾವುದು?"

"ಕಡೆಬೈಲು," ಎಂದಳು, ಕೇಳಿಸಿಯೂ ಕೇಳಿಸದ ಹಾಗೆ.

"ಅಲ್ಲಿ ಟೀಚರ್ ಆಗಿದ್ದೆಯಾ?"

"ಮದುವೆಗೆ ಮೊದಲು. ಬೋಟು ಕೇರಿಯ ಶಾಲೆಯಲ್ಲಿ."

"ಇವನಿಗೆ ಸುಳ್ಳು ಹೇಳಿಕೊಟ್ಟವಳು ನೀನೇ?"

"ಸೋಮವಾರ ಒಂದು ದಾಟಿದರೆ ಸಾಕಿತ್ತು ಆಂಟಿ. ನೀವು ದುಖಾನ್ ಕಡೆ ಹುಡುಕ್ತಾ ಇದ್ದರೆ ಅಷ್ಟರಲ್ಲಿ ಕೇಸು ಮುಗೀತಿತ್ತು."

"ಗಂಡನನ್ನು ಎಲ್ಲಿ ಅಡಗಿಸಿದ್ದೀ?"

ಅವಳು ಮೊದಲ ಸಲ ತಲೆ ಎತ್ತಿದಳು. "ನನಗೆ ಗೊತ್ತಿಲ್ಲ. ದೇವರಾಣೆ ಗೊತ್ತಿಲ್ಲ. ಬದುಕಿದ್ದಾರೋ ಇಲ್ಲವೋ ಅಂತಲೂ ಗೊತ್ತಿಲ್ಲ."

ಅದು ಸುಳ್ಳಲ್ಲ. ನನ್ನ ಕಸುಬಿನಲ್ಲಿ ಅಷ್ಟು ತಿಳಿಯುತ್ತದೆ.

"ಮತ್ತೆ ಯಾಕಮ್ಮ? ಅವನು ಸಾಕ್ಷಿ ಹೇಳಿದರೆ ನಿನಗೇನು ಕಷ್ಟ?"

"ಗೆರೆ ಎಳೆದದ್ದು ಅವರಲ್ಲ," ಎಂದಳು. "ನಾನು."

ಆಮೇಲೆ ಅವಳನ್ನು ತಡೆಯಲು ಆಗಲಿಲ್ಲ. ಟೀಚರುಗಳಿಗೆ ಜನಗಣತಿಯ ಕೆಲಸ ಬೀಳುತ್ತದೆ. ಬೋಟು ಕೇರಿ, ಬಂದರು ರಸ್ತೆ, ಗುಡ್ಡೆಯ ಮನೆಗಳು, ಎಲ್ಲ ಅವಳೇ ಹತ್ತಿ ಇಳಿದದ್ದು. ಯಾರ ಜಗುಲಿಯಲ್ಲಿ ಯಾವ ಪಕ್ಷದ ಕ್ಯಾಲೆಂಡರ್ ತೂಗುತ್ತದೆ, ಅಣ್ಣತಮ್ಮಂದಿರಲ್ಲಿ ಯಾರು ಯಾರ ಕಡೆ, ಅವಳಿಗೆ ಬಾಯಲ್ಲೇ ಇತ್ತು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಬೊನವೆಂಚರ್ ಮನೆಯ ಕಂಪ್ಯೂಟರಿನಲ್ಲಿ ತನ್ನ ಆಫೀಸಿನ ಚೌಕಟ್ಟನ್ನೇ ಹಾಕಿಕೊಟ್ಟು ಅವಳಿಗೆ ನಕ್ಷೆ ಎಳೆಯಲು ಕಲಿಸಿದ್ದ. ಹೊತ್ತು ಹೋಗಲಿ ಎಂದು.

"ಗಂಡನ ವೀಸಾದಲ್ಲಿ ಬಂದವಳು ನಾನು ಆಂಟಿ. ಕೆಲಸಕ್ಕೆ ಹೋಗುವ ಹಾಗಿಲ್ಲ. ಅಡುಗೆ, ಟೀವಿ, ಶುಕ್ರವಾರ ಚರ್ಚಿನ ಪೂಜೆ. ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಟೀಚರ್ ಅಂತ ಕರೆದಿರಲಿಲ್ಲ. ಅಧ್ಯಕ್ಷರು ಊರಿನಿಂದ ಫೋನ್ ಮಾಡಿ, ಟೀಚರ್, ನಿಮ್ಮಷ್ಟು ನಮ್ಮ ಊರು ಗೊತ್ತಿದ್ದವರು ಬೇರೆ ಇಲ್ಲ, ನಿಮ್ಮಿಂದಲೇ ಆಗಬೇಕು ಅಂದ್ರು. ಖುಷಿಯಾಯ್ತು. ನಾಚಿಕೆ ಬಿಟ್ಟು ಹೇಳ್ತೇನೆ, ತುಂಬಾ ಖುಷಿಯಾಯ್ತು. ಊಟ ಬಿಟ್ಟು ಎಳೆದೆ."

"ಆಯಿಷಮ್ಮನ ಕೇರಿಯನ್ನೂ?"

"ಗಣತಿಗೆ ಹೋದಾಗ ಬಿಸಿಲಿಗೆ ತಲೆ ತಿರುಗಿ ಬಿದ್ದವಳನ್ನು ಮಲಗಿಸಿ ಬೊಂಡದ ನೀರು ಕುಡಿಸಿದ್ದು ಆಯಿಷಮ್ಮ. ಅವರ ಮನೆ ಯಾವುದು ಅಂತ ನನಗೆ ಗೊತ್ತುಂಟು. ಗೆರೆಯನ್ನು ಅಲ್ಲೇ ತಿರುಗಿಸಿದ್ದೇನೆ."

ಪೇಪರಿನಲ್ಲಿ ಚೌಕಟ್ಟು ನೋಡಿದಾಗ ಬೊನವೆಂಚರ್ ಆಫೀಸಿನ ಯಾ‌ರದೋ ಕೈವಾಡ ಎಂದುಕೊಂಡಿದ್ದನಂತೆ. ಶನಿವಾರ ಅದೇ ನಕ್ಷೆ ತನ್ನ ಮನೆಯ ಕಂಪ್ಯೂಟರಿನಲ್ಲೇ ಸಿಕ್ಕಿತು. ಹೆಂಡತಿಯ ಮುಖವನ್ನು ಒಮ್ಮೆ ನೋಡಿ, ಒಂದು ಮಾತೂ ಆಡದೆ ಚಪ್ಪಲಿ ಮೆಟ್ಟಿ ಹೋದವನು ಮತ್ತೆ ಬಂದಿಲ್ಲ.

"ಆಯ್ತು," ಎಂದೆ. "ಸಾಕ್ಷಿ ಈಗ ನನ್ನ ಎದುರೇ ಇದೆ. ಎದ್ದೇಳು. ರಾಯಭಾರ ಕಚೇರಿಗೆ ಹೋಗೋಣ. ನೀನೇ ಎಳೆದೆ, ಯಾರು ಹೇಳಿ ಎಳೆಸಿದರು, ಅಷ್ಟನ್ನು ಹೇಳು. ಆಯಿಷಮ್ಮನ ಕೇರಿ ಒಂದಾಗುತ್ತದೆ."

ಅವಳು ಏಳಲು ಹೊರಟಳು. ನಿಜವಾಗಿಯೂ ಹೊರಟಿದ್ದಳು, ಒಂದು ಕೈ ಸೋಫಾದ ಮೇಲೆ ಊರಿತ್ತು. ಅಷ್ಟರಲ್ಲಿ ನನ್ನ ಮೊಬೈಲು ಹೊಡೆದುಕೊಂಡಿತು. ಶರ್ಮಿಳಾ. ವೆನಿಟಾಳಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದೆ. ಆ ಬುದ್ಧಿ ನನಗೆ ಯಾಕೆ ಬಂತೋ.

"ಜರ್ಟ್ರೂಡ್! ಸಿಕ್ಕಿದರು ಕಣೇ!" ಅವಳ ದನಿ ಕೋಣೆಯೆಲ್ಲ ತುಂಬಿತು. "ಬೊನವೆಂಚರ್ ಈಗಷ್ಟೇ ಫೋನ್ ಮಾಡಿದರು. ರಾಯಭಾರ ಕಚೇರಿಯಲ್ಲೇ ಇದ್ದಾರೆ, ಕೈಯಲ್ಲಿ ಟೋಕನ್ ಇದೆ. ಅಧ್ಯಕ್ಷರು ಹೇಳಿದಂತೆ ನಾನೇ ಗೆರೆ ಎಳೆದೆ ಅಂತ ಪ್ರಮಾಣ ಮಾಡ್ತಾರಂತೆ. ನಾವು ಗೆದ್ದೆವು!"

ವೆನಿಟಾ ಬಾಯಿಗೆ ಸೆರಗು ಒತ್ತಿಕೊಂಡಳು. ಬದುಕಿದ್ದಾರೆ ಎಂಬ ಸಮಾಧಾನ ಮುಖದ ಮೇಲೆ ಬಂದಷ್ಟೇ ಬೇಗ ಹೋಯಿತು. ಹೆಂಡತಿಯ ಪಾಪವನ್ನು ಆ ಮನುಷ್ಯ ತನ್ನ ತಲೆಗೆ ಕಟ್ಟಿಕೊಳ್ಳಲು ಸರದಿಯಲ್ಲಿ ನಿಂತಿದ್ದ.

ಫೋನನ್ನು ಅಂಗೈಯಲ್ಲಿ ಒತ್ತಿ ಮುಚ್ಚಿದೆ. ಹಿಂದಿನಿಂದ ಅಣ್ಣು ನಗುವುದು ಕೇಳಿಸಿತು. ಕಿಟಕಿಗೆ ಒರಗಿ, ಹೊಟ್ಟೆ ತುಂಬ ಉಂಡವನಂತೆ ನಗುತ್ತಿದ್ದ.

"ಹಾಕಲಿ ಸಹಿ. ನಾವು ಸುಮ್ಮನೆ ಹೆದರಿ ಸತ್ತೆವು. ಪರ್ಬುಗಳು ನಮ್ಮ ಊರಿಗೆ ಬಂದದ್ದು ಮದುವೆಗೆ ಒಮ್ಮೆ. ನಮ್ಮ ವಕೀಲರು ನಕ್ಷೆಯಲ್ಲಿ ಒಂದು ಮನೆ ತೋರಿಸಿ ಇದು ಯಾರದ್ದು ಮಾರಾಯ್ರೆ ಅಂತ ಕೇಳಿದರೆ ಸಾಕು. ಕೇಸೂ ಖಲಾಸ್, ಪರ್ಬುಗಳೂ ಖಲಾಸ್. ಸುಳ್ಳು ಪ್ರಮಾಣಕ್ಕೆ ಜೈಲು ಉಂಟಲ್ಲ?"

ಅವನು ಹೇಳಿದ್ದು ಸರಿಯಾಗಿತ್ತು, ಅದೇ ಉರಿ. ಅಂಗೈ ಸರಿಸಿ ಫೋನನ್ನು ವೆನಿಟಾಳ ಮುಖದ ಹತ್ತಿರ ಹಿಡಿದೆ. "ಹೇಳು. ಈಗಲೇ ಹೇಳು. ನೀನು ಒಂದು ಮಾತು ಹೇಳಿದರೆ ಅವನು ಉಳಿಯುತ್ತಾನೆ, ಕೇಸೂ ಉಳಿಯುತ್ತದೆ."

"ಹೇಳಿ ಟೀಚರ್," ಎಂದ ಅಣ್ಣು. ಈಗ ಅವನು ನಗುತ್ತಿರಲಿಲ್ಲ, ದನಿಯೂ ಮೆತ್ತಗಿತ್ತು. "ರಸೆಲ್ ನಿಮ್ಮ ತಮ್ಮ ಅಲ್ವಾ? ಬೇಕರಿ ಹಾಕಿದ್ದಾನಲ್ಲ ಬಂದರು ರಸ್ತೆಯಲ್ಲಿ. ಲೈಸೆನ್ಸು ಪುರಸಭೆಯಿಂದಲೇ. ಗೋಡೆ ರಸ್ತೆಗೆ ಸ್ವಲ್ಪ ಬಂದಿದೆ ಅಂತ ದೂರು ಬೇರೆ ಉಂಟು. ಅಧ್ಯಕ್ಷರೇ ತಡೆ ಹಿಡಿದದ್ದು."

"ಹಲೋ?" ಎಂದಳು ಶರ್ಮಿಳಾ. "ಯಾರದು ಮಾತಾಡ್ತಿರುವುದು? ಜರ್ಟ್ರೂಡ್?"

ವೆನಿಟಾ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡಳು. ಮಾತು ಕ್ಲಾಸಿನಲ್ಲಿ ಪಾಠ ಓದಿದ ಹಾಗೆ ನೇರವಾಗಿ ಬಂತು.

"ಮೇಡಂ, ನಾನು ಬೊನವೆಂಚರರ ಮಿಸೆಸ್. ಅವರು ಹೇಳುವುದು ಸರಿ. ಗೆರೆ ಎಳೆದದ್ದು ಅವರೇ. ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ."

ಫೋನನ್ನು ನನ್ನ ಕೈಗೆ ತುರುಕಿ ಮುಖ ಮುಚ್ಚಿಕೊಂಡಳು. ನಾನು ಅವಳ ಭುಜ ಹಿಡಿದು ಅಲ್ಲಾಡಿಸಿದೆ. ಅವಳು ಅಲ್ಲಾಡಿಸಿದಷ್ಟು ಅಲ್ಲಾಡಿದಳು, ಮುಖದಿಂದ ಕೈ ತೆಗೆಯಲಿಲ್ಲ.

ಅಲ್ಲ ಎಂದರೆ, ವೆನಿಟಾ ತಾನೇ ಪ್ರಮಾಣ ಮಾಡದ ಮೇಲೆ, ಶರ್ಮಿಳಾ ಸೋಮವಾರ ಬರಿಗೈಯಲ್ಲಿ ಕೋರ್ಟಿಗೆ ಹೋಗಬೇಕು. ಆಯಿಷಮ್ಮ ಮೂರು ತುಂಡಾದ ಕೇರಿಯಲ್ಲಿ ವೋಟು ಕೇಳಬೇಕು. ಹೌದು ಎಂದರೆ ತಪ್ಪೇ ಮಾಡದ ಒಬ್ಬ ಮನುಷ್ಯ ಜೈಲಿನ ಬಾಗಿಲಿಗೆ ಹೋಗಿ ನಿಲ್ಲುತ್ತಾನೆ, ಕೇಸೂ ಇವತ್ತಲ್ಲ ನಾಳೆ ಮಣ್ಣುಪಾಲು.

"ಜರ್ಟ್ರೂಡ್," ಎಂದಳು ಶರ್ಮಿಳಾ. ಅವಳ ದನಿಯಲ್ಲಿ ಈಗ ಖುಷಿ ಇರಲಿಲ್ಲ. "ಅವರು ಇನ್ನೊಂದು ಲೈನಿನಲ್ಲಿ ಕಾಯ್ತಿದ್ದಾರೆ, ಟೋಕನ್ ನಂಬರು ಕೂಗಿದರಂತೆ. ನೀನು ಎದುರಲ್ಲೇ ಇದ್ದೀ. ಆಕೆ ಹೇಳಿದ್ದು ನಿಜವಾ? ನೀನು ಹೌದು ಅಂದರೆ ಸಹಿ ಹಾಕಿ ಅಂತೀನಿ."

ಅಣ್ಣು ಸೋಫಾದಲ್ಲಿ ಕೂತು, ಆರಿದ ಚಹಾ ಕೈಗೆತ್ತಿಕೊಂಡು, ನನ್ನ ಬಾಯಿಯನ್ನೇ ನೋಡುತ್ತಿದ್ದ. ವೆನಿಟಾ ನೋಡಲಿಲ್ಲ.